ಭಾಗೀರಥಿಯ ಚುಕ್ಕಾಣಿ ಕೀಲು

ಸುಶೀಲಮ್ಮನವರೇ, ಭಾಗೀರಥಿಯ ಚುಕ್ಕಾಣಿ ಕಳಚಿದ್ದು ನಿಮ್ಮ ತಂದೆಯ ತಪ್ಪಿನಿಂದ ಅಲ್ಲ. ನನ್ನಿಂದ. ಆ ಕೀಲಿನ ಬುಡವನ್ನು ಅರದಿಂದ ಉಜ್ಜಿ ಬಲ ತೆಗೆದವನು ನಾನು. ಅದನ್ನು ಮುಚ್ಚಿಟ್ಟವನೂ ನಾನು. ಆಮೇಲೆ ನಿಮ್ಮ ತಂದೆ ತಪ್ಪನ್ನೆಲ್ಲ ತಮ್ಮ ತಲೆಯ ಮೇಲೆ ಹೊತ್ತುಕೊಂಡು ನನ್ನನ್ನೊಂದು ಮಾತು ಕೇಳಿದರು—ಆಗ ಹೌದು, ನಿಮ್ಮದೇ ಇರಬಹುದು ಎಂದು ಬರೆದವನೂ ನಾನೇ.

ನಿಮ್ಮ ಕಾಗದ ಬಂದು ಹನ್ನೊಂದು ದಿನವಾಯಿತು. ನಮ್ಮ ಊರಿನವರು ಸೇರಿ ಭಾಗೀರಥಿ ಹಾಯಿ ಹಡಗಿನ ಚರಿತ್ರೆ ಬರೆಯುತ್ತಿದ್ದಾರೆ, ಅಪ್ಪಯ್ಯನ ಅಳತೆಕೋಲು ಬೆಂಗಳೂರಿನಲ್ಲಿ ನಿಮ್ಮ ಹತ್ತಿರ ಉಳಿಯಿತೆಂದು ಕೇಳಿದ್ದೆ, ಇದ್ದರೆ ಒಂದು ಫೋಟೋ ಕಳಿಸಿ ಎಂದು ಬರೆದಿದ್ದೀರಿ. ಅಷ್ಟೇ ಆಗಿದ್ದರೆ ನಾನು ಫೋಟೋ ಕಳಿಸಿ ಸುಮ್ಮನಾಗುತ್ತಿದ್ದೆನೋ ಏನೋ. ನನ್ನ ಸ್ವಭಾವ ಅಂಥದು, ಸುಮ್ಮನಿರುವುದರಲ್ಲಿ ಪಳಗಿದವನು. ಆದರೆ ಆ ಬರಹದ ಕೊನೆಯ ಸಾಲನ್ನೂ ನೀವು ನಕಲು ಮಾಡಿ ಕಳಿಸಿದ್ದೀರಿ. 'ಹಡಗು ಕಟ್ಟಿದ ಆಚಾರಿಯೇ ಚುಕ್ಕಾಣಿ ಕೂರಿಸುವಾಗ ಮಾಡಿದ ಅಚಾತುರ್ಯದಿಂದ ಭಾಗೀರಥಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಡೆಯಿತು.' ಅದರ ಕೆಳಗೆ ನಿಮ್ಮ ಅಕ್ಷರದಲ್ಲಿ, 'ಅಪ್ಪಯ್ಯನೇ ಹಾಗೆ ಹೇಳುತ್ತಿದ್ದರು, ಹಾಗಾಗಿ ಬರೆಯಬೇಡಿ ಎನ್ನಲು ಬಾಯಿ ಬರಲಿಲ್ಲ' ಎಂದಿದೆ. ಅದನ್ನು ಓದಿ ನಾನು ಆ ದಿನ ಊಟ ಮಾಡಲಿಲ್ಲ. ಸೊಸೆ ಮೈ ಸರಿಯಿಲ್ಲವೇ ಎಂದು ಕೇಳಿದಳು, ಹೌದು ಎಂದೆ. ಸುಳ್ಳು ಈಗಲೂ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೂ ಇರುತ್ತದೆ, ಸಹಿಸಿಕೊಳ್ಳಿ.

ನಾನು ಸುಂಕದಕಟ್ಟೆಯ ಒಕ್ಕಲು ಮನೆಯವನು. ಹೊಲದ ಕೆಲಸಕ್ಕಿಂತ ಉಳಿ ಹಿಡಿಯುವುದು ನನಗೆ ಒಲಿದಿತ್ತು. ಐವತ್ತರ ದಶಕದ ನಡುವಿನ ವರ್ಷಗಳವು. ರಾಜಾಜಿನಗರದಲ್ಲಿ ಇನ್ನೂ ಗೂಟ ಹೊಡೆದು ಸೈಟು ಗುರುತಿಸುತ್ತಿದ್ದರು, ಮಾಗಡಿ ರಸ್ತೆಯಲ್ಲಿ ಬಸ್ಸಿಗಿಂತ ಎತ್ತಿನ ಗಾಡಿಯೇ ಜಾಸ್ತಿ. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ನಾನು ಪ್ಯಾಟ್ರನ್ ಮಾಡುವವನು. ಅಂದರೆ ಲೋಹದಲ್ಲಿ ಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಕೆತ್ತಿ ಕೊಡುವವನು. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡುತ್ತಾರೆ, ಅಚ್ಚಿಗೆ ಕಾದ ಲೋಹ ಹೊಯ್ಯುತ್ತಾರೆ. ಮರಳು ಒತ್ತುವವನು ಮುನಿಸ್ವಾಮಿ, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು.

ನಮ್ಮ ಕಸುಬಿನಲ್ಲಿ ಒಂದು ವಿಷಯ ಅ ಆ ಇ ಈ ಇದ್ದ ಹಾಗೆ. ಕಾದ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೇ ಮರದ ರೂಪವನ್ನು ಒಂದು ಚೂರು ದೊಡ್ಡದಾಗಿ ಮಾಡಬೇಕು. ಎಷ್ಟು ದೊಡ್ಡದು ಎಂದು ಪ್ರತಿ ಸಲ ಲೆಕ್ಕ ಹಾಕುತ್ತ ಕೂರಲಾಗದು, ಹಾಗಾಗಿ ನಮಗೆ ಬೇರೆಯೇ ಸ್ಕೇಲು ಇರುತ್ತದೆ. ಅದರ ಒಂದು ಅಡಿ ಅಂಗಡಿಯ ಒಂದು ಅಡಿಗಿಂತ ಕೂದಲೆಳೆ ಉದ್ದ. ಕಬ್ಬಿಣಕ್ಕೆ ಒಂದು ಸ್ಕೇಲು, ಕಂಚಿಗೆ ಇನ್ನೊಂದು. ನಾವು ಲೋಕದ ಅಳತೆಯನ್ನು ನಮ್ಮ ಸ್ಕೇಲಿನಲ್ಲಿ ಓದಿ ಗುರುತು ಹಾಕಿದರೆ ಕುಗ್ಗುವ ಬಾಬತ್ತು ತಾನೇ ಸೇರಿಹೋಗುತ್ತದೆ. ನಿನ್ನೆ ಮೊನ್ನೆ ಸೇರಿದವನಿಗೂ ಇದು ಗೊತ್ತಿರುತ್ತದೆ. ನನಗೆ ಆರು ವರ್ಷದ ಅನುಭವವಿತ್ತು.

ಒಂದು ದಿನ ಬೆಳಿಗ್ಗೆ ನಿಮ್ಮ ತಂದೆ ಬಂದರು. ಮಾಗಡಿ ರಸ್ತೆಯಲ್ಲಿ ಕಾಫಿ ಹೋಟೆಲಿಟ್ಟಿದ್ದ ನಿಮ್ಮ ಕಡೆಯವರೊಬ್ಬರು ಅವರನ್ನು ಕರೆತಂದಿದ್ದರು. ಹೆಗಲ ಮೇಲೆ ಗೋಣಿಚೀಲ, ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಕೋಲು. ಹೆಸರು ಕೇಳಿದ್ದಕ್ಕೆ ವಾಸುದೇವ ಆಚಾರಿ, ಕುಂದಾಪುರದ ಕಡೆ, ಹಡಗು ಕಟ್ಟುವವ ಎಂದರು. ನಮ್ಮವರಲ್ಲಿ ಇಬ್ಬರು ನಕ್ಕರು. ಸಮುದ್ರ ಬಿಟ್ಟು ಹಡಗಿನ ಆಚಾರಿಗೆ ಕಾಮಾಕ್ಷಿಪಾಳ್ಯದಲ್ಲಿ ಏನು ಕೆಲಸ? ಭಾಗೀರಥಿಯ ಚುಕ್ಕಾಣಿಯನ್ನು ಹಿಡಿದಿರುವ ಅಡಿಯ ಕೀಲು ಕಬ್ಬಿಣದ್ದು, ಉಪ್ಪುನೀರು ತಿಂದು ಸೋತಿದೆ, ಕಂಚಿನದು ಬೇಕು, ಅಲ್ಲಿ ಎರಕದವರು ಮಳೆಗಾಲ ಮುಗಿಯಲಿ ಎನ್ನುತ್ತಾರೆ, ಮಳೆಗಾಲ ಮುಗಿದ ಕೂಡಲೇ ಹಡಗು ನೀರಿಗಿಳಿಯಬೇಕು—ಇದು ಅವರ ತಾಪತ್ರಯ. ಚೀಲದಲ್ಲಿ ಕಂಚಿನ ಚೂರುಗಳಿದ್ದವು. ಅವರ ತಂದೆ ಕಟ್ಟಿ, ಹಳತಾದ ಮೇಲೆ ಬಿಚ್ಚಿ ಹಾಕಿದ ಹಡಗಿನ ಕಂಚು. ಅದನ್ನೇ ಕರಗಿಸಿ ಮಾಡಿ ಎಂದರು.

ಹತ್ತು ದಿನ ಅವರು ಹೋಟೆಲಿನ ಮಾಳಿಗೆಯಲ್ಲಿ ಮಲಗಿ, ಹಗಲೆಲ್ಲ ನನ್ನ ಮೇಜಿನ ಪಕ್ಕದಲ್ಲಿ ಕೂತಿರುತ್ತಿದ್ದರು. ಎರಡು ಸಲ ನಮ್ಮ ಮನೆಗೂ ಕರೆದುಕೊಂಡು ಹೋದೆ. ನಮ್ಮವ್ವ ಇಟ್ಟ ಮುದ್ದೆಯನ್ನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡರು, ನುಂಗಬೇಕು ಎಂದು ಅವ್ವ ತೋರಿಸಿಕೊಟ್ಟಳು. ಊರ ಕೆರೆ ತೋರಿಸಿದೆ. ಏರಿಯ ಮೇಲೆ ನಿಂತು ಬಹಳ ಹೊತ್ತು ನೋಡಿ, ಚೊಕ್ಕ ನೀರು, ಆದರೆ ಎಲ್ಲಿಗೂ ಹೋಗುವುದಿಲ್ಲವಲ್ಲ ಎಂದರು.

ಭಾಗೀರಥಿಯ ಚರಿತ್ರೆ ನಾನು ಕೇಳಿದ್ದು ಆ ದಿನಗಳಲ್ಲಿ. ಹೊಳೆದಂಡೆಯ ತೆಂಗಿನ ತೋಟದಲ್ಲಿ ಎರಡು ಮಳೆಗಾಲ ಕಟ್ಟಿದ್ದು. ಪಕ್ಕೆಲುಬಿಗೆ ಹೆಬ್ಬಲಸು, ಹಲಗೆಗೆ ಸಾಗುವಾನಿ, ಹಾಯಿಕಂಬಕ್ಕೆ ನೆಟ್ಟಗೆ ಬೆಳೆದ ಸುರಹೊನ್ನೆ. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ನಕಾಶೆ ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಬಟ್ಟೆ ಬಿಚ್ಚಿ ಆ ಕೋಲು ತೋರಿಸಿದರು. ಹಡಗಿನ ಬೆನ್ನೆಲುಬಾದ ಅಡಿಮರವನ್ನು ಕಡಿದಾಗ ಉಳಿದ ತುಂಡಿನಿಂದಲೇ ಸೀಳಿದ ಕೋಲು. ಮೈತುಂಬ ಉಳಿಯಿಂದ ಹೊಡೆದ ಗೀರುಗಳು—ಇದು ಮೂತಿಯ ಎತ್ತರ, ಇದು ಹೊಟ್ಟೆಯ ಅಗಲ, ಇದು ಚುಕ್ಕಾಣಿ ಕಂಬದ ದಪ್ಪ. ಹಡಗಿನ ಜಾತಕ ಅದು. ಯಾರಿಗೂ ಬಾಯಲ್ಲಿ ಅಂಗುಲ ಹೇಳುವುದಿಲ್ಲ, ಕೋಲನ್ನೇ ಮರದ ಮೇಲೆ ಇಟ್ಟು ಗೀರುವುದು ನಿಮ್ಮವರ ಪದ್ಧತಿ. ಹಡಗು ಮೊದಲ ಸಲ ಹೆಂಚು ತುಂಬಿಕೊಂಡು ಮುಂಬಯಿಗೆ ಹೋಗಿ ಕ್ಷೇಮವಾಗಿ ಬಂದ ದಿನ ಅವರು ಈ ಕೋಲಿಗೆ ಎಣ್ಣೆ ಹಚ್ಚಿ ಕುಂಕುಮವಿಟ್ಟಿದ್ದರಂತೆ. ಆ ಕೆಂಪು ಕಲೆ ಈಗಲೂ ಇದೆ.

ತಪ್ಪು ಆಗಿದ್ದು ಇಲ್ಲೇ, ತಾಯಿ.

ಕೀಲು ಎಂದರೆ ಎರಡು ತೋಳಿನ ಒಂದು ಕವೆ. ಚುಕ್ಕಾಣಿ ಕಂಬವನ್ನು ಎರಡೂ ಬದಿಯಿಂದ ಅಪ್ಪಿ ಹಿಡಿಯಬೇಕು. ನಾನು ಮರ ಸಿದ್ಧ ಮಾಡಿಕೊಂಡು ಕೂತಿದ್ದೆ. ಅವರು ಎದ್ದು ಬಂದು ಕೋಲನ್ನು ಎರಡು ಕೈಯಲ್ಲಿ ಹಿಡಿದು, ಮಗುವನ್ನು ಮಲಗಿಸಿದ ಹಾಗೆ ನನ್ನ ಮರದ ಮೇಲೆ ಇಟ್ಟರು. ಗೀರು ಎಂದರು. ನಾನು ಗೀರಿದೆ. ಆ ಗೀರಿನಿಂದ ಗೀರಿಗೆ ಇರುವ ದೂರವನ್ನು ನನ್ನ ಕಂಚಿನ ಸ್ಕೇಲಿಗೆ ಏರಿಸಬೇಕಿತ್ತು—ಏರಿಸಲಿಲ್ಲ. ಅವರ ಮುಂದೆ ಇನ್ನೊಂದು ಸ್ಕೇಲು ಇಟ್ಟರೆ ನಿಮ್ಮ ಕೋಲನ್ನು ನಂಬೆ ಎಂದ ಹಾಗೆ ಆದೀತು ಎಂಬ ಸಂಕೋಚವೋ, ಅಥವಾ ಆ ಕೋಲಿನ ಮೋಹದಲ್ಲಿ ನಿಜವಾಗಿಯೂ ಮರೆತೆನೋ... ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ತಪ್ಪು ಯಾರಿಗಾದರೂ ಆಗುತ್ತದೆ. ಅಲ್ಲಿಗೆ ನಿಂತಿದ್ದರೆ ಈ ಕಾಗದ ಬೇಕಿರಲಿಲ್ಲ.

ಮರದ ರೂಪ ಮುಗಿದಾಗ ಅವರು ಅದನ್ನು ತಿರುವಿ ಮುರುವಿ ನೋಡಿದರು. ತೋಳು ಬುಡವನ್ನು ಸೇರುವ ಒಳಮೂಲೆಗೆ ನಾನು ಮೇಣ ಒತ್ತಿ ಗುಂಡಗೆ ಮಾಡಿದ್ದೆ. ಚೂಪಾದ ಮೂಲೆಯಿದ್ದರೆ ಲೋಹ ಅಲ್ಲಿಂದಲೇ ಸೀಳುತ್ತದೆ, ಗುಂಡಗಿದ್ದರೆ ಭಾರ ಹಂಚಿಹೋಗುತ್ತದೆ ಎಂದು ನಾನೇ ದೊಡ್ಡ ಮೇಷ್ಟರ ಹಾಗೆ ಅವರಿಗೆ ಪಾಠ ಹೇಳಿದೆ. ಅವರು ಹೆಬ್ಬೆರಳಿನಿಂದ ಆ ಮೂಲೆಯನ್ನು ಸವರಿ ತಲೆದೂಗಿದರು. ಆಮೇಲೆ ಕಾರ್ಖಾನೆಯ ಯಜಮಾನರ ಮುಂದೆಯೇ, ಎಲ್ಲರಿಗೂ ಕೇಳುವ ಹಾಗೆ, ಈ ಕೈ ನಮ್ಮ ಹೊಳೆಬದಿಯಲ್ಲಿ ಹುಟ್ಟಬೇಕಿತ್ತು ಎಂದುಬಿಟ್ಟರು. ಅಷ್ಟು ದಿನ ನನ್ನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದ ಯಜಮಾನರು ಆವತ್ತು ನಕ್ಕರು. ಎರಡು ತಿಂಗಳ ಹಿಂದೆ ನಾನೊಂದು ಪಂಪಿನ ಪ್ಯಾಟ್ರನ್ ಕೆಡಿಸಿದ್ದೆ, ಇನ್ನೊಂದು ಕೆಟ್ಟರೆ ಗೇಟಿನಾಚೆ ಎಂದಿದ್ದರು. ಆ ವರ್ಷವೇ ಹಳೆಯ ಮೇಸ್ತ್ರಿ ಕೆಲಸ ಬಿಡುವವರಿದ್ದರು. ಆ ಜಾಗದ ಮೇಲೆ ನನಗೆ ಕಣ್ಣಿತ್ತು.

ಎರಕ ಹೊಯ್ದ ಮರುದಿನ ಮಧ್ಯಾಹ್ನ ಮುನಿಸ್ವಾಮಿ ಅಚ್ಚು ಒಡೆದ. ಕಂಚು ಬಂಗಾರದ ಹಾಗೆ ಬಂದಿತ್ತು, ಒಂದು ತೂತಿಲ್ಲ, ಒಂದು ಗುಳ್ಳೆಯಿಲ್ಲ. ನಿಮ್ಮ ತಂದೆ ಹೋಟೆಲಿನವರ ಜೊತೆ ಊಟಕ್ಕೆ ಹೋಗಿದ್ದರು. ಮೂರು ಗಂಟೆಗೆ ಬಂದು ಕೀಲು ತೆಗೆದುಕೊಂಡು ಸಾಯಂಕಾಲದ ಶಿವಮೊಗ್ಗ ರೈಲು ಹಿಡಿಯುವುದೆಂದು ಮಾತಾಗಿತ್ತು. ಚುಕ್ಕಾಣಿ ಕಂಬದ ದಪ್ಪಕ್ಕೆ ಸರಿಯಾಗಿ ಕತ್ತರಿಸಿದ ಒಂದು ಮರದ ದಿಮ್ಮಿಯನ್ನು ಅವರು ನನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದರು. ಅದನ್ನು ಕವೆಯೊಳಗೆ ತೂರಿಸಿ ನೋಡಿದೆ. ಹೋಗಲಿಲ್ಲ.

ಇನ್ನೊಮ್ಮೆ ನೋಡಿದೆ. ತಿರುಗಿಸಿ ನೋಡಿದೆ. ಮೂರು ರಾಗಿಕಾಳು ಸಾಲಾಗಿ ಇಟ್ಟಷ್ಟು ಜಾಗ ಕಮ್ಮಿ. ಆಗ ಹೊಳೆಯಿತು, ಕೋಲನ್ನು ನೇರವಾಗಿ ಮರಕ್ಕೆ ಇಟ್ಟಿದ್ದು. ದಿಮ್ಮಿ ಕೈಜಾರಿ ಕೆಳಗೆ ಬಿತ್ತು. ಅದರ ಸದ್ದಿಗೆ ಮುನಿಸ್ವಾಮಿ ತಿರುಗಿ ನೋಡಿದ. ಹತ್ತಿರ ಬಂದ. ಒಂದು ಸಲ ಕೀಲು ನೋಡಿದ, ಒಂದು ಸಲ ನನ್ನ ಮುಖ.

"ಒಡ್ದಾಕು ಕಣೋ ನಂಜುಂಡ. ನಾಳೆ ಮತ್ತೆ ಹುಯ್ಯಾಣ."

ಇವತ್ತೇ ಅವರ ರೈಲು ಎಂದೆ.

"ರೈಲು ನಾಡಿದ್ದೂ ಇರ್ತದೆ," ಎಂದ.

ನಿಜ. ನಾಡಿದ್ದೂ ರೈಲಿತ್ತು. ಇವತ್ತು ಹೊರಟರೆ ಊರು ಸೇರಿ ಕೀಲು ಕೂರಿಸಿದ ಮೇಲೂ ಮುಹೂರ್ತಕ್ಕೆ ಇನ್ನೂ ಎರಡು ದಿನ ಕೈಯಲ್ಲಿ ಮಿಗುತ್ತದೆ ಎಂದು ನಿಮ್ಮ ತಂದೆಯೇ ಹೇಳಿದ್ದರು. ಕಂಚು ಅವರದೇ, ಮತ್ತೆ ಕರಗಿಸಿದರೆ ಮುಗಿಯಿತು. ಒಂದು ಮಾತು—ಆಚಾರ್ರೇ, ನನ್ನ ಕೈ ತಪ್ಪಿತು, ಎರಡು ದಿನ ಕೊಡಿ. ಇಷ್ಟೇ. ಆ ಮನುಷ್ಯ ನಕ್ಕು, ಹೋಗಲಿ ಬಿಡಿ ಎಂದು ಕೂತುಬಿಡುತ್ತಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಲಿಲ್ಲ. ಈ ಕೈ ನಮ್ಮ ಹೊಳೆಬದಿಯಲ್ಲಿ ಹುಟ್ಟಬೇಕಿತ್ತು ಎಂದ ಬಾಯಿಗೆ, ಈ ಕೈ ಅ ಆ ಇ ಈ ಮರೆತಿದೆ ಎಂದು ಹೇಗೆ ಹೇಳುವುದು? ಯಜಮಾನರಿಗೆ ಹೇಗೆ ಹೇಳುವುದು?

ಕೀಲನ್ನು ಮೇಜಿನ ವೈಸಿಗೆ ಬಿಗಿದು ಅರ ತೆಗೆದುಕೊಂಡೆ. ಎರಡೂ ತೋಳಿನ ಒಳಮೈಯನ್ನು ಉಜ್ಜತೊಡಗಿದೆ. ತೋಳು ತೆಳುವಾದರೆ ಅಷ್ಟೇನೂ ಮೋಸವಿಲ್ಲ, ದಪ್ಪವಾಗಿಯೇ ಇತ್ತು. ಆದರೆ ದಿಮ್ಮಿ ಪೂರ್ತಿ ಒಳಗೆ ಕೂರಬೇಕಾದರೆ ಬುಡದವರೆಗೂ ಉಜ್ಜಬೇಕು—ಆ ಗುಂಡನೆಯ ಮೂಲೆಯವರೆಗೂ. ಅಲ್ಲಿಗೆ ಬಂದಾಗ ನನ್ನ ಕೈ ನಿಂತಿತು. ಒಂದು ಕ್ಷಣ ನಿಂತಿತು ಎಂದು ನಾನು ಖಂಡಿತ ಹೇಳಬಲ್ಲೆ, ಏಕೆಂದರೆ ಅದೊಂದು ಕ್ಷಣವನ್ನು ಆಮೇಲೆ ಎಷ್ಟೋ ಸಲ ಹಿಂದಿರುಗಿ ಹೋಗಿ ನೋಡಿದ್ದೇನೆ. ಹೊರಗೆ ರಸ್ತೆಯಲ್ಲಿ ಯಾರೋ ಬಸ್ಸು ನಿಲ್ಲಿಸಲು ಕೂಗುತ್ತಿದ್ದರು. ಮುನಿಸ್ವಾಮಿ ನನ್ನ ಕಡೆ ಬೆನ್ನು ಮಾಡಿ ಮರಳು ಜರಡಿ ಹಿಡಿಯುತ್ತಿದ್ದ. ಗಡಿಯಾರದಲ್ಲಿ ಎರಡೂಕಾಲು. ನಾನು ಅರ ಒತ್ತಿದೆ. ಗುಂಡನೆಯ ಮೂಲೆ ಹೋಯಿತು. ಅಲ್ಲಿ ಕತ್ತಿ ಆಡಿಸಿದ ಹಾಗೆ ಎರಡು ಚೂಪಾದ ಗೆರೆ ಉಳಿದವು.

ಮೂರು ಗಂಟೆಗೆ ಅವರು ಬಂದರು. ಒಗೆದ ಪಂಚೆ, ಹಣೆಗೆ ಗಂಧ. ದಿಮ್ಮಿಯನ್ನು ತಾವೇ ತೂರಿಸಿದರು. ಹದವಾಗಿ, ಸ್ವಲ್ಪ ಬಿಗಿಯಾಗಿ, ಪೂರ್ತಿ ಕೂತಿತು. ಅವರ ಮುಖ ಅರಳಿತು. ಕೋಲು ಸುಳ್ಳು ಹೇಳುವುದಿಲ್ಲ ಎಂದರು. ಆಮೇಲೆ ದಿಮ್ಮಿ ತೆಗೆದು, ಮರದ ರೂಪಕ್ಕೆ ಮಾಡಿದ ಹಾಗೆಯೇ, ಒಳಗೆ ಕೈ ಹಾಕಿ ಹೆಬ್ಬೆರಳಿನಿಂದ ಮೂಲೆಯನ್ನು ಸವರಿದರು. ಬೆರಳು ಅಲ್ಲೇ ನಿಂತಿತು.

"ಈ ಮೂಲೆ ಮರ್ದಲ್ ಗುಂಡ್ಗಿದ್ದಿತ್ತಲ್ದಾ?"

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ವ್ಯಾಪಾರ ಗೊತ್ತು, ಕಸುಬು ಗೊತ್ತಿಲ್ಲ. ಮುನಿಸ್ವಾಮಿಯ ಜರಡಿಯ ಸದ್ದು ನಿಂತಿತ್ತು. ನಾನು ನೆಲ ನೋಡಲಿಲ್ಲ, ತಾಯಿ. ಅವರ ಕಣ್ಣನ್ನೇ ನೋಡಿದೆ.

"ಮರದಲ್ಲಿ ಹಂಗಿರುತ್ತೆ ಆಚಾರ್ರೇ. ಲೋಹದಲ್ಲಿ ಹಿಂಗೇ ಬರೋದು."

ಅವರು ನನ್ನನ್ನು ನೋಡಿದರು. ಸಂಶಯದಿಂದಲ್ಲ—ಹೊಸದೇನೋ ಕಲಿತವರ ಹಾಗೆ. ನಿಮ್ಮ ಕೆಲಸ ನಿಮಗೇ ಗೊತ್ತು ಎಂದು ಕೀಲನ್ನು ಗೋಣಿಗೆ ಸುತ್ತಿದರು. ಹೊರಡುವಾಗ ಬಟ್ಟೆ ಸುತ್ತಿದ ಕೋಲನ್ನು ನನ್ನ ಕೈಗೆ ಕೊಟ್ಟರು. ಕೀಲು ಮುಂದೆ ಎಂದಾದರೂ ಸವೆಯುತ್ತದೆ, ಆಗ ಮತ್ತೆ ಇಷ್ಟು ದೂರ ಬರುವುದು ಬೇಡ.

"ಕೋಲ್ ನಿಮ್ಮತ್ರವೇ ಇರ್ಲಿ. ಒಂದ್ ಕಾಗ್ದ ಹಾಕ್ತೆ, ಸಾಕ್."

ಹಡಗಿನ ಜಾತಕವನ್ನೇ ನನ್ನ ಕೈಯಲ್ಲಿಟ್ಟು ಹೋದರು. ಬೇಡ ಎನ್ನಲೂ ನನಗೆ ಆಗಲಿಲ್ಲ, ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಅಂದಿನಿಂದ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೆಲಸ ಬಿಟ್ಟು ಗೇಟಿನ ಕಡೆ ನೋಡುತ್ತಿದ್ದೆ. ಒಂದು ತಿಂಗಳು ಏನೂ ಬರಲಿಲ್ಲ. ಎರಡು ತಿಂಗಳು. ಹಡಗು ಚೆನ್ನಾಗಿ ಓಡಾಡುತ್ತಿದೆ ಎಂದು ಹೋಟೆಲಿನವರು ಹೇಳಿದರು. ಕಂಚು ಗಟ್ಟಿ, ನನ್ನ ಭಯ ದಂಡ ಎಂದುಕೊಂಡೆ. ಅಷ್ಟರಲ್ಲಿ ನನಗೆ ಮೇಸ್ತ್ರಿ ಪಟ್ಟವೂ ಬಂತು. ಆ ಸಂತೋಷಕ್ಕೆ ಮನೆಯಲ್ಲಿ ಹೋಳಿಗೆ ಮಾಡಿಸಿದೆ. ಬೆನ್ನಿಗೇ, ಐದನೆಯ ತಿಂಗಳಲ್ಲಿ, ಪೋಸ್ಟ್‌ಕಾರ್ಡು ಬಂತು.

ಅದರ ಒಂದೊಂದು ಅಕ್ಷರವೂ ನನಗೆ ಬಾಯಿಪಾಠ. ಹೆಂಚು ತುಂಬಿಕೊಂಡು ಅಳಿವೆ ದಾಟುವಾಗ ಅಡಿಯ ಕೀಲು ಬುಡದಲ್ಲಿ ಸೀಳಿ ಚುಕ್ಕಾಣಿ ಕಳಚಿತು, ಭಾಗೀರಥಿ ಮರಳುದಿಬ್ಬಕ್ಕೆ ಹೊಡೆದು ಎರಡಾಯಿತು, ದೇವರ ದಯೆಯಿಂದ ಎಲ್ಲರೂ ಈಜಿ ದಡ ಸೇರಿದರು. ಇದು ಮೊದಲ ಭಾಗ. ಆಮೇಲೆ ಹೀಗಿತ್ತು: 'ತಾವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಮ್ಮ ಎರಕ ಚೊಕ್ಕವಾಗಿತ್ತು. ಕೂರಿಸುವಾಗ ಸ್ವಲ್ಪ ಬಿಗಿ ಕಂಡು ನಾನೇ ಮರದ ಕೊಡತಿಯಿಂದ ನಾಲ್ಕು ಏಟು ಹಾಕಿದ್ದೆ. ಊರಿನವರು ಅದೇ ಕಾರಣ ಎನ್ನುತ್ತಾರೆ. ಕೊಡತಿಯ ಏಟಿಗೆ ಕಂಚು ಸೀಳುತ್ತದೆಯೇ? ತಾವು ಬಲ್ಲವರು. ಒಂದು ಸಾಲು ಬರೆದರೆ ನನಗೆ ತಿಳಿದಂತಾಗುತ್ತದೆ.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಕದಿಯದ ಮನುಷ್ಯ ತನ್ನ ಹೆಗಲು ಮುಟ್ಟಿಕೊಂಡು ನನ್ನನ್ನು ಕೇಳುತ್ತಿದ್ದಾನೆ—ನನ್ನ ಹೆಗಲಲ್ಲಿ ಬೂದಿ ಇದೆಯೇ ನೋಡಿ ಎಂದು. ಇಲ್ಲ ಎಂದು ಬರೆದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಹಾಗಾದರೆ ಯಾಕೆ ಸೀಳಿತು? ಆ ಹೆಬ್ಬೆರಳು ಮತ್ತೆ ಆ ಮೂಲೆಗೆ ಹೋಗುತ್ತದೆ. ಮೂರು ದಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಾಲ್ಕನೆಯ ದಿನ ಕೆಲಸದ ನಡುವೆ, ಅದೇ ಮೇಜಿನ ಮೇಲೆ, ಉತ್ತರ ಬರೆದೆ. ಕ್ಷೇಮ ಸಮಾಚಾರ, ವಿಷಾದ, ಎಲ್ಲ ಇತ್ತು. ಅವುಗಳ ನಡುವೆ ಒಂದೇ ಒಂದು ಮಾತು.

'ಸೀಳಬಹುದು.'

ಸೀಳುತ್ತದೆ ಎಂದೂ ಬರೆಯಲಿಲ್ಲ ನೋಡಿ, ಸೀಳಬಹುದು ಎಂದೆ. ನಾಳೆ ಯಾರಾದರೂ ಹಿಡಿದು ಕೇಳಿದರೆ ನುಣುಚಿಕೊಳ್ಳಲು ಜಾಗ ಇಟ್ಟುಕೊಂಡೆ. ಅರ ಹಿಡಿದಾಗ ನನಗೆ ಭಯವಿತ್ತು, ಅವಸರವಿತ್ತು. ಪೆನ್ನು ಹಿಡಿದಾಗ ಅವಸರ ಏನಿತ್ತು? ಅದಕ್ಕೇ ಎರಡನೆಯದನ್ನೇ ನಾನು ದೊಡ್ಡ ಪಾಪ ಎಂದು ಎಣಿಸುವುದು.

ನಿಮ್ಮ ತಂದೆ ಮತ್ತೆ ಬರೆಯಲಿಲ್ಲ. ಅವರು ನನ್ನ ಉತ್ತರವನ್ನು ಹಡಗಿನ ಒಡೆಯರಿಗೆ ತಾವೇ ತೋರಿಸಿದರಂತೆ, ಅಂದಿನಿಂದ ಉಳಿ ಮುಟ್ಟಲಿಲ್ಲವಂತೆ, ಯಾರೋ ಹೊಸ ಹಡಗಿಗೆ ಕರೆದರೂ ನನ್ನ ಕೈಗೆ ಹದ ತಪ್ಪಿದೆ ಎಂದು ಕಳಿಸಿಬಿಟ್ಟರಂತೆ. ಇದನ್ನು ಹೋಟೆಲಿನವರು ಹೇಳಿದಾಗ ನಾನು ಕಾಫಿ ಕುಡಿಯುತ್ತಿದ್ದೆ. ಕುಡಿದು ಮುಗಿಸಿದೆ. ಮುನಿಸ್ವಾಮಿ ಆಮೇಲೂ ಎಂಟು ವರ್ಷ ನನ್ನ ಪಕ್ಕದಲ್ಲೇ ದುಡಿದ. ಒಂದು ದಿನವೂ ಆ ಮಾತೆತ್ತಲಿಲ್ಲ. ಆದರೆ ಒಂದು ಸಲವೂ ನನ್ನನ್ನು ಮೇಸ್ತ್ರಿ ಎಂದು ಕರೆಯಲಿಲ್ಲ.

ಬಸವೇಶ್ವರನಗರದಲ್ಲಿ ಮನೆ ಕಟ್ಟಿದೆ. ಕೈಕೆಳಗೆ ಎಷ್ಟೋ ಜನರಿಗೆ ಕಸುಬು ಕಲಿಸಿದೆ. ಒಳಮೂಲೆ ಗುಂಡಗೆ ಮಾಡದವನ ಬೆನ್ನಿಗೆ ಬಾರಿಸುತ್ತಿದ್ದೆ, ಮೇಸ್ತ್ರಿಗೆ ಮೂಲೆಯ ಹುಚ್ಚು ಎಂದು ಹಿಂದಿನಿಂದ ನಗುತ್ತಿದ್ದರು. ಅಟ್ಟದ ಮೇಲೆ ಕೋಲು ಇದ್ದೇ ಇತ್ತು. ಒಮ್ಮೆ ಮೊಮ್ಮಗಳು ಮಂಚದಡಿ ಹೋದ ಚೆಂಡು ತೆಗೆಯಲು ಅದನ್ನು ಎಳೆದು ತಂದಾಗ ನಾನು ಕಿರುಚಿದ್ದಕ್ಕೆ ಮಗು ಹೆದರಿ ಅತ್ತಿತು. ಅದು ಏನು ತಾತ ಎಂದು ಕೇಳಿತು. ಹಳೆಯ ಕೋಲು ಎಂದೆ. ಹೆಂಡತಿ ತೀರಿಕೊಳ್ಳುವವರೆಗೂ ಅವಳಿಗೂ ಹೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನ ಅಡಿಕೆಗೆ ಹೋದದ್ದು ನನ್ನ ಮಾನವಲ್ಲ, ನಿಮ್ಮ ತಂದೆಯದು.

ಕ್ಷಮಿಸಿ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಕ್ಷಮಿಸಬೇಕಾದವರು ಹೋಗಿ ಇಪ್ಪತ್ತು ವರ್ಷವಾಯಿತು ಎಂದು ನೀವೇ ಬರೆದಿದ್ದೀರಿ. ಅವರು ಹೋಗುವವರೆಗೂ ತಮ್ಮ ಕೈಯನ್ನು ತಾವೇ ನಂಬದೆ ಬದುಕಿದರು, ಅದನ್ನು ನಾನು ಯಾವ ಅಂಚೆಯಲ್ಲೂ ಹಿಂದಕ್ಕೆ ಕಳಿಸಲಾರೆ. ಆದರೆ ಆ ಚರಿತ್ರೆಯ ಕೊನೆಯ ಸಾಲು ಇನ್ನೂ ಅಚ್ಚಾಗಿಲ್ಲ. ಅದನ್ನು ತೆಗೆಸಿ. ನನ್ನ ಹೆಸರು ಹಾಕಿ, ಕಾಮಾಕ್ಷಿಪಾಳ್ಯದ ನಂಜುಂಡ ಎರಕದ ತಪ್ಪನ್ನು ಉಜ್ಜಿ ಮರೆಮಾಡಿದ್ದರಿಂದ ಕೀಲು ಸೀಳಿತು ಎಂದು ಬರೆಸಿ. ಬರೆಯುವವರು ನಂಬದಿದ್ದರೆ ಈ ಕಾಗದ ತೋರಿಸಿ.

ಕೋಲಿನ ಫೋಟೋ ಕಳಿಸುವುದಿಲ್ಲ, ಕೋಲನ್ನೇ ತರುತ್ತೇನೆ. ಬರುವ ಸೋಮವಾರದ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ನಿಮ್ಮ ಬಾಗಿಲಿಗೆ ನಾನು ಬರುವುದು ಬೇಡವೆನಿಸಿದರೆ ಬಾಗಿಲು ಹಾಕಿಕೊಳ್ಳಿ. ಜಗಲಿಯ ಮೇಲೆ ಇಟ್ಟು ಹಿಂದಿರುಗುತ್ತೇನೆ. ಅದಕ್ಕೇ ಕಾಗದವನ್ನು ಮುಂಚೆ ಕಳಿಸುತ್ತಿರುವುದು.

ಈ ಕಾಗದ ಮುಗಿಸುವ ಮೊದಲು ಅವರ ಆ ಪೋಸ್ಟ್‌ಕಾರ್ಡಿಗೆ ಉತ್ತರ ಬರೆಯಬೇಕು. ಆಗ ಬರೆದದ್ದನ್ನು ಹೊಡೆದು ಹಾಕಿ, ಇದನ್ನು ಅವರ ಫೋಟೋದ ಮುಂದೆ ನೀವು ಒಂದು ಸಲ ಗಟ್ಟಿಯಾಗಿ ಓದಿ.

ಸೀಳುವುದಿಲ್ಲ, ಆಚಾರ್ರೇ. ಮರದ ಕೊಡತಿಯ ಏಟಿಗೆ ಕಂಚು ಸೀಳುವುದಿಲ್ಲ.